ಯುದ್ಧಕ್ಕೆ ಹೋಗಿದ್ದವರ ಮೆಡಲ್ ಕೇಳಿ ಪಡೆಯುವುದು ಹೇಗೆ?

ಚಿಂತಾಮಣಿ ಕಡೆಯ ನಮ್ಮ ದೊಡ್ಡಪ್ಪನ ಮನೆಯಲ್ಲಿ ಒಂದು ಕಪ್ಪು ಟ್ರಂಕ್ ಇದೆ. ಈಗ ಅದರ ತುಂಬ ರಾಗಿ. 1971ರ ಡಿಸೆಂಬರ್‌ನಲ್ಲಿ ಅವರು ಪೂರ್ವದ ಗಡಿಯಲ್ಲಿದ್ದರು. ಮೆಡಲ್ ಎಲ್ಲಿ ಅಂದರೆ ದೊಡ್ಡಮ್ಮ, "ಕೊಟ್ಟಿದ್ರೋ ಇಲ್ವೋ, ಯಾರಿಗ್ ಗೊತ್ತಪ್ಪ" ಅನ್ನುತ್ತಾರೆ. ಅದು ಯಾರೂ ದಯೆ ತೋರಿ ಕೊಡುವ ವಸ್ತುವಲ್ಲ, ದುಡಿದವರ ಹಕ್ಕು. ಪಡೆಯದೆ ಉಳಿದಿದ್ದರೆ, ಅವರು ತೀರಿಕೊಂಡ ಮೇಲೂ ಹೆಂಡತಿ ಮಕ್ಕಳು ಕೇಳಬಹುದು.

ಮೊದಲು ಆರ್ಮಿ ನಂಬರ್ ಹುಡುಕಿ. ಮುಕ್ಕಾಲು ಕೆಲಸ ಇದೇ. ಒಂದೇ ಹೆಸರಿನವರು ಪಲ್ಟನ್‌ನಲ್ಲಿ ಎಷ್ಟೋ ಜನ, ನಂಬರ್ ಮಾತ್ರ ಒಬ್ಬರದೇ. ಸೇನೆ ಬಿಡುವಾಗ ಕೊಡುವ ಡಿಸ್ಚಾರ್ಜ್ ಬುಕ್ ಸಿಕ್ಕಿದರೆ ನಂಬರ್ ಅದರಲ್ಲೇ ಇರುತ್ತದೆ. ಇಲ್ಲದಿದ್ದರೆ ಪಿಂಚಣಿ ಪತ್ರ, ಕ್ಯಾಂಟೀನ್ ಕಾರ್ಡ್, ಮನಿಆರ್ಡರ್ ಚೀಟಿ ನೋಡಿ. '56 ಎಪಿಒ' ಅಥವಾ '99 ಎಪಿಒ' (ಎಪಿಒ ಅಂದರೆ ಸೇನೆಯ ಅಂಚೆ ಕಚೇರಿ) ಎಂದು ವಿಳಾಸವಿರುವ ಹಳೆಯ ಇನ್‌ಲ್ಯಾಂಡ್ ಪತ್ರ ಸಿಕ್ಕಿದರಂತೂ ನಂಬರ್ ಜೊತೆ ಯೂನಿಟ್ ಹೆಸರೂ ಸಿಗಬಹುದು. ಅದೂ ಇಲ್ಲವಾದರೆ ಟ್ರಂಕ್. ದೊಡ್ಡಪ್ಪನ ಟ್ರಂಕಿನ ಮುಚ್ಚಳದ ಬಿಳಿ ಅಂಕಿಗಳು ಅರ್ಧ ಉದುರಿದ್ದವು. ಒದ್ದೆ ಬಟ್ಟೆಯಲ್ಲಿ ಒರೆಸಿ ಬಿಸಿಲಿಗೆ ಓರೆಯಾಗಿ ಹಿಡಿದಾಗ ಉದುರಿದ ಅಂಕಿಗಳ ಗುರುತೂ ಕಂಡಿತು. ಹಬ್ಬಕ್ಕೆಂದು ಆ ಟ್ರಂಕಿಗೆ ಬಣ್ಣ ಹೊಡೆಸುವ ಮುನ್ನ ದಯವಿಟ್ಟು ಒಂದು ಫೋಟೊ ತೆಗೆದಿಟ್ಟುಕೊಳ್ಳಿ.

ಮುಂದಿನದು, ಯಾವ ಮೆಡಲ್ ಬರಬೇಕೆಂದು ತಿಳಿಯುವುದು. 1962ರ ಚೀನಾ ಯುದ್ಧಕ್ಕೆ ಜನರಲ್ ಸರ್ವಿಸ್ ಮೆಡಲ್ ಮೇಲೆ 'ಲಡಾಖ್' ಅಥವಾ 'ನೇಫಾ' (ಇಂದಿನ ಅರುಣಾಚಲ) ಎಂದು ಬರೆದ ಲೋಹದ ಪಟ್ಟಿ. 1965ಕ್ಕೆ ಸಮರ ಸೇವಾ ಸ್ಟಾರ್, ರಕ್ಷಾ ಮೆಡಲ್. 1971ಕ್ಕೆ ಪೂರ್ವದಲ್ಲಿದ್ದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್, ಜೊತೆಗೆ ಸಂಗ್ರಾಮ್ ಮೆಡಲ್.

ಅರ್ಜಿ ಹೋಗಬೇಕಾದ್ದು ಅವರ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ, ಅಂದರೆ ಸೈನಿಕರ ಸೇವಾ ದಾಖಲೆ ಇಡುವ ಕಚೇರಿಗೆ. ಮದ್ರಾಸ್ ಎಂಜಿನಿಯರ್ ಗ್ರೂಪ್, ಪಯೊನಿಯರ್ ಕೋರ್, ಪ್ಯಾರಾಶೂಟ್ ರೆಜಿಮೆಂಟಿನ ಕಚೇರಿಗಳು ಬೆಂಗಳೂರಿನಲ್ಲೇ ಇವೆ. ಮದ್ರಾಸ್ ರೆಜಿಮೆಂಟಿನದು ವೆಲ್ಲಿಂಗ್ಟನ್‌ನಲ್ಲಿ, ಫಿರಂಗಿ ದಳದ್ದು (ಆರ್ಟಿಲರಿ) ನಾಸಿಕ್ ರೋಡಿನಲ್ಲಿ. ನಿಮ್ಮ ಜಿಲ್ಲೆಯನ್ನು ನೋಡಿಕೊಳ್ಳುವ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯ ಮೂಲಕ ಕಳಿಸಿದರೆ ವಿಳಾಸ ತಪ್ಪುವ ಭಯವಿಲ್ಲ. ನಂಬರ್, ಹೆಸರು, ಯೂನಿಟ್, ಸೇರಿದ ಮತ್ತು ಬಿಟ್ಟ ವರ್ಷ ಬರೆಯಿರಿ. ಮೆಡಲ್ ಪಡೆದೇ ಇಲ್ಲವೋ, ಪಡೆದು ಕಳೆದುಹೋಯಿತೋ ಎಂಬುದನ್ನು ಬಿಡಿಸಿ ಹೇಳಿ, ಇವೆರಡೂ ಬೇರೆ ಬೇರೆ ಅರ್ಜಿಗಳು. ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಆಧಾರ್ ನಕಲು ಲಗತ್ತಿಸಿ.

ತೊಡಕು ಬರುವುದು ಹೆಸರಿನಲ್ಲಿ. ನಮ್ಮ ಕಡೆಯ ವೆಂಕಟರವಣಪ್ಪ ಭರ್ತಿಯ ದಿನ ಗುಮಾಸ್ತರ ಕೈಯಲ್ಲಿ ವೆಂಕಟರಾಮ ಆಗಿರುತ್ತಾರೆ. ಮಿಲಿಟರಿ ದಾಖಲೆಯಲ್ಲಿ ಇರುವಂತೆಯೇ ಬರೆದು, ಇಬ್ಬರೂ ಒಬ್ಬರೇ ಎಂದು ನೋಟರಿ ಅಫಿಡವಿಟ್ ಮಾಡಿಸಿ. ಹೆಂಡತಿಯ ಹೆಸರೇ ದಾಖಲೆಯಲ್ಲಿ ಇಲ್ಲದಿದ್ದರೆ 'ಪಾರ್ಟ್ ಟೂ ಆರ್ಡರ್' (ಸೈನಿಕರ ಮನೆಯವರ ವಿವರ ದಾಖಲಿಸುವ ಸೇನೆಯ ಆದೇಶ) ಮೂಲಕ ಸೇರಿಸಲು ಅದೇ ಅರ್ಜಿಯಲ್ಲಿ ಕೇಳಿ.

ಉತ್ತರವೇ ಬರಲಿಲ್ಲವೆ? 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನ ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಕೊಡಬೇಕು. ಕನ್ನಡದಲ್ಲಿ ಬರೆಯಲು ಕಾನೂನೇ ಅವಕಾಶ ಕೊಟ್ಟಿದೆ, ಹಿಂಜರಿಯಬೇಡಿ.

ತಾತನ ಕಾಲದವರ ದಾರಿ ಬೇರೆ. ಎರಡು ಮಹಾಯುದ್ಧಗಳಲ್ಲಿ ಮಡಿದವರ ಹೆಸರು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ (ಇಂದಿನ ಇಸ್ರೇಲ್) ಕಾದಿದ ಮೈಸೂರು ಲ್ಯಾನ್ಸರ್ಸ್ ಮೈಸೂರು ಸಂಸ್ಥಾನದ ಕುದುರೆ ಪಡೆ. ಅಂಥವರ ಮನೆಯವರು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲೂ ವಿಚಾರಿಸಬೇಕು. ಸ್ವಾತಂತ್ರ್ಯದ ನಂತರ ಮಡಿದವರಾದರೆ ದೆಹಲಿಯಲ್ಲಿ 2019ರಲ್ಲಿ ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕದ ಗೋಡೆಯ ಮೇಲೆ ಹೆಸರಿದೆಯೇ ನೋಡಿ.

ಮೆಡಲ್ ಬಂದ ದಿನವೇ ಅದರ ಮೇಲೆ ಕೊರೆದ ನಂಬರ್, ಹೆಸರು ಓದಿ ನೋಡಿ. ಒಂದಕ್ಷರ ತಪ್ಪಿದ್ದರೂ ಅಂದೇ ಕಾಗದ ಬರೆಯಿರಿ.