ದನಿ ಅಲ್ಲೇ ಬಿಟ್ಟು ಬಂದಿದ್ದೆ

ಮಗಳ ಬಾಣಂತನಕ್ಕೆ ಮೇ ತಿಂಗಳಲ್ಲಿ ಅಮೆರಿಕದ ಮಿನೆಸೋಟಾಗೆ ಹೋದವಳು ಅಕ್ಟೋಬರ್ ಕೊನೆಗೆ ದಾವಣಗೆರೆಗೆ ವಾಪಸ್ ಬಂದೆ. ವಿಸಿಟರ್ ವೀಸಾದವರಿಗೆ ಸಾಮಾನ್ಯವಾಗಿ 6 ತಿಂಗಳು ಇರಲು ಬಿಡುತ್ತಾರೆ. ಹದಿನೈದು ದಿನ ಬಾಕಿ ಇರುವಾಗಲೇ ಹೊರಟೆ. ಅಲ್ಲಿಗೆ ಹೊಂದಿಕೊಳ್ಳೋದು ಕಷ್ಟ ಅಂತ ಎಲ್ಲರೂ ಹೆದರಿಸಿದ್ದರು. ಬಂದ ಮೇಲೆ ನಮ್ಮನೆಗೇ ಹೊಂದಿಕೊಳ್ಳಬೇಕು ಅಂತ ಯಾರೂ ಹೇಳಿರಲಿಲ್ಲ.

ಅಲ್ಲಿಯದು ಮರದ ಮನೆ. ನೆಲಕ್ಕೆಲ್ಲ ಕಾರ್ಪೆಟ್, ನಡೆದರೂ ಸದ್ದಿಲ್ಲ. ಒಂದು ರೂಮಿನಲ್ಲಿ ಅಳಿಯನ ಮೀಟಿಂಗ್, ಇನ್ನೊಂದರಲ್ಲಿ ಪಾಪು ನಿದ್ದೆ. ಕುಕ್ಕರ್ ಕೂಗುವ ಮೊದಲೇ ಓಡಿ ಹೋಗಿ ಒಲೆ ಆರಿಸುತ್ತಿದ್ದೆ. ಮೊದಲ ವಾರ ಸಾರಿಗೆ ಒಗ್ಗರಣೆ ಹಾಕಿದೆ ನೋಡಿ, ಒಣಮೆಣಸಿನಕಾಯಿ ಘಾಟಿಗೆ ಚಾವಣಿಯ ಹೊಗೆ ಅಲಾರಂ ಕಿರುಚಿಕೊಂಡಿತು. ಬಾಣಂತಿ ಎದ್ದು ಬಂದು ಅದರ ಕೆಳಗೆ ನಿಂತು ಟವೆಲ್ ಬೀಸಿದಳು. ಆಮೇಲಿಂದ ಕಿಟಕಿ ತೆಗೆದು, ಫ್ಯಾನ್ ಹಾಕಿ, ಕಳ್ಳರ ಹಾಗೆ ಒಗ್ಗರಣೆ ಹಾಕುತ್ತಿದ್ದೆ. ಮಾತೆಲ್ಲ ಪಿಸುಪಿಸು. ಅದೇ ರೂಢಿಯಾಯ್ತು.

ಊರಿಗೆ ಬಂದಾಗ ಮೊದಲು ಕಾಡಿದ್ದು ನಿದ್ದೆ. ಅಲ್ಲಿಗೂ ಇಲ್ಲಿಗೂ ಆಗ ಹತ್ತೂವರೆ ಗಂಟೆ ವ್ಯತ್ಯಾಸ. ರಾತ್ರಿ 2ಕ್ಕೆ ಎಚ್ಚರ, ಬೀದಿನಾಯಿಗಳ ಜಗಳ, ಹೆದ್ದಾರಿ ಲಾರಿಗಳ ಹಾರ್ನು. ಮೊದಲೆರಡು ದಿನ ಮಧ್ಯಾಹ್ನ ಮಲಗಿಬಿಟ್ಟೆ, ಅದೇ ತಪ್ಪು. ಮೂರನೇ ದಿನದಿಂದ ಬೆಳಿಗ್ಗೆ ಏಳರಿಂದ ಎಂಟರವರೆಗೆ ಟೆರೇಸ್ ಮೇಲೆ ಬಿಸಿಲಿಗೆ ಕೂತೆ. ಮಧ್ಯಾಹ್ನ ಕಣ್ಣೆಳೆದರೆ ಚಪ್ಪಲಿ ಹಾಕಿಕೊಂಡು ಹೊರಗೆ ಹೊರಟುಬಿಡುತ್ತಿದ್ದೆ. ಹತ್ತು ದಿನಕ್ಕೆ ನಿದ್ದೆ ದಾರಿಗೆ ಬಂತು.

ಸದ್ದಿಗೂ ಹೀಗೇ ಒಗ್ಗಿಕೊಳ್ತೀನಿ ಅಂದುಕೊಂಡೆ. ಆದರೆ ತೊಂದರೆ ಕಿವಿಯದಲ್ಲ, ಬಾಯಿಯದು. ಸೊಪ್ಪಿನವಳು ಬಂದಾಗ ಗೇಟಿನಲ್ಲಿ ನಿಂತು ಕರೆದೆ. ಅವಳು ಹಾಗೇ ಮುಂದೆ ಹೋದಳು. ಮೂರನೇ ಸಲಕ್ಕೆ ತಿರುಗಿ, "ಏನ್ ಟೀಚರಮ್ಮ, ಗಂಟಲು ಕಟ್ಟೈತಾ?" ಅಂದಳು. ನವೆಂಬರ್ ಆದ್ದರಿಂದ ಪಿಂಚಣಿಗೆ ಜೀವಂತ ಪ್ರಮಾಣಪತ್ರ ಕೊಡಲು ಬ್ಯಾಂಕಿಗೆ ಹೋದರೆ, ಕೌಂಟರಿನ ಹುಡುಗ "ಸ್ವಲ್ಪ ಜೋರಾಗಿ ಹೇಳಿ ಅಮ್ಮ" ಅಂದ. ಬದುಕಿದ್ದೀನಿ ಅಂತ ಹೇಳೋಕೂ ದನಿ ಇಲ್ಲ! ಮನೆಯಲ್ಲಿ ಇವರು ಒಬ್ಬರೇ ಇದ್ದೂ ಇದ್ದೂ ಟಿವಿ ಸದ್ದು ಏರಿಸಿಕೊಂಡಿದ್ದರು. ನಾನು ಏನೇ ಹೇಳಲಿ, "ಆಂ?" ಅನ್ನೋರು. ಮತ್ತೆ ಹೇಳುವ ಬದಲು ಸುಮ್ನಾಗುತ್ತಿದ್ದೆ. ನನಗೆ ಇಲ್ಲಿ ಬೇಜಾರು ಅಂತ ಅವರು ತಿಳಿದರು. ಅರವತ್ತು ಮಕ್ಕಳ ತರಗತಿಯನ್ನು ಕೋಲಿಲ್ಲದೆ, ಬರೀ ದನಿಯಲ್ಲೇ ಹಿಡಿದಿಟ್ಟವಳು ನಾನು. ಅವಮಾನ ಆಗದೆ ಇರುತ್ತಾ?

ದನಿಗೂ ಬಿಸಿಲಿನ ಥರದ್ದೇ ಏನಾದರೂ ಬೇಕಿತ್ತು. ಮೊದಲು ಪೇಪರ್ ಜೋರಾಗಿ ಓದಿ ನೋಡಿದೆ. ಇವರು ಟಿವಿ ಆರಿಸಿ ಕೇಳಲು ಕೂತರು, ನನಗೆ ನಾಚಿಕೆಯಾಗಿ ಬಿಟ್ಟೆ. ಅಷ್ಟರಲ್ಲಿ ಪಕ್ಕದ ಮನೆಯಾಕೆ ನಾಲ್ಕನೇ ಕ್ಲಾಸಿನ ಮಗನನ್ನು ಕರೆತಂದಳು. "ಮಗ್ಗಿ ಬರ್ತಿಲ್ಲ ಟೀಚರ್, ಸ್ವಲ್ಪ ಹೇಳಿಕೊಡಿ." ದಿನಾ ಸಂಜೆ ಆರಕ್ಕೆ ಟೆರೇಸ್ ಮೇಲೆ ಅವನೊಂದು ಮೂಲೆ, ನಾನೊಂದು ಮೂಲೆ. "ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು." ಕೆಳಗಿನ ಸರ್ಕಲ್‌ನಲ್ಲಿ ರಾಜ್ಯೋತ್ಸವದ ಧ್ವನಿವರ್ಧಕ. ನವೆಂಬರ್ ತಿಂಗಳಿಡೀ ಒಂದಲ್ಲ ಒಂದು ಸಂಘದ್ದು ಇದ್ದೇ ಇರುತ್ತೆ ಅಲ್ವಾ? ಹಾಡಿನ ಮೇಲೆ ನನ್ನ ದನಿ ಹೋಗದಿದ್ದರೆ ಹುಡುಗನಿಗೆ ಕೇಳಿಸಲ್ಲ. ಎದೆಯಿಂದ ಕೂಗಬೇಕು. ಮೊದಲ ನಾಲ್ಕು ದಿನ ಗಂಟಲು ಉರಿ, ರಾತ್ರಿ ಉಪ್ಪುನೀರಿನಲ್ಲಿ ಮುಕ್ಕಳಿಸುತ್ತಿದ್ದೆ. ಅವನು ಹದಿಮೂರರ ಮಗ್ಗಿಗೆ ಬರುವ ಹೊತ್ತಿಗೆ ಎದುರು ಬೀದಿಯ ಇನ್ನಿಬ್ಬರು ಮಕ್ಕಳೂ ಮೆಟ್ಟಿಲು ಹತ್ತಿ ಬಂದಿದ್ದರು.

ಮೊನ್ನೆ ಬೆಳಿಗ್ಗೆ ಎಂಟಕ್ಕೆ ಮಗಳು ವಿಡಿಯೋ ಕಾಲ್ ಮಾಡಿದಳು. ಅಲ್ಲೀಗ ಗಡಿಯಾರ ಹಿಂದಿಟ್ಟಿದ್ದಾರೆ, ರಾತ್ರಿ ಎಂಟೂವರೆ. ಸೊಪ್ಪಿನವಳು ಬೀದಿ ಕೊನೆಯಲ್ಲಿದ್ದಳು. ಫೋನ್ ಕೈಯಲ್ಲಿ ಹಿಡಿದೇ, "ಎರಡು ಕಟ್ಟು ಮೆಂತ್ಯ ಇಟ್ಟು ಹೋಗೇ" ಅಂತ ಕೂಗಿದೆ.

"ಅಮ್ಮಾ, ಮೆಲ್ಲಗೆ" ಅಂದಳು ಮಗಳು. "ಪಾಪು ಈಗಷ್ಟೇ ಮಲಗಿದ್ದ."