ಹೆಂಚಿನ ಮನೆಯ ಸೂರಿಗೆ ಹೊಸ ದೋಣಿ ಆರಿಸುವ ಬಗೆ

ಮಲೆನಾಡು ಮತ್ತು ಕರಾವಳಿಯ ಹೆಂಚಿನ ಮನೆಗಳಲ್ಲಿ ಮಳೆನೀರನ್ನು ಹಿಡಿದು ಸಾಗಿಸಲು ಸೂರಿನ ಅಂಚಿಗೆ ಕಟ್ಟಿದ ದೋಣಿ ಹಾಳಾದಾಗ ಹೆಚ್ಚಿನವರು ಹಳೆಯದರ ಉದ್ದವನ್ನು ಅಳೆದುಕೊಂಡು ಪೇಟೆಗೆ ಹೋಗುತ್ತಾರೆ, ಅದೇ ಅಗಲದ್ದನ್ನು ತಂದು ಅದೇ ಜಾಗಕ್ಕೆ ಕಟ್ಟಿಸುತ್ತಾರೆ. ತೀರ್ಥಹಳ್ಳಿ ಸೀಮೆಯ ನಮ್ಮ ಮನೆಗೆ ನಾನೂ ಹಾಗೆಯೇ ಮಾಡಿದ್ದೆ. ಮೇ ತಿಂಗಳಲ್ಲಿ ಹೊಸ ತಗಡಿನ ದೋಣಿ ಬಂತು. ಆರಿದ್ರಾ ಮಳೆ ಹಿಡಿದ ಮೂರನೆಯ ದಿನವೇ ಅಂಗಳದ ಮೂಲೆಯಲ್ಲಿ ನೀರು ದೋಣಿಯ ಮೇಲಿಂದ ಹಾರಿ ಜಗಲಿಯ ಕಂಬದ ಬುಡಕ್ಕೆ ಬೀಳತೊಡಗಿತು. ಶ್ರಾವಣದ ಹೊತ್ತಿಗೆ ಆ ಕಂಬದ ಬುಡ ಉಗುರು ಒತ್ತಿದರೆ ಇಳಿಯುವಷ್ಟು ಮೆತ್ತಗಾಗಿತ್ತು. ಹಳೆಯ ದೋಣಿ ಏಕೆ ಸೋತಿತೆಂದು ತಿಳಿಯದೆ ಹೊಸದನ್ನು ಕೊಂಡದ್ದೇ ಅಲ್ಲಿ ಆದ ತಪ್ಪು.

ಆದ್ದರಿಂದ ಆಯ್ಕೆಯ ಮೊದಲ ಕೆಲಸ ಜೋರು ಮಳೆಯಲ್ಲಿ ಕೊಡೆ ಹಿಡಿದು ಹಳೆಯ ದೋಣಿಯ ಕೆಳಗೆ ಹತ್ತು ನಿಮಿಷ ನಿಲ್ಲುವುದು. ನೀರು ಉದ್ದಕ್ಕೂ ಅಂಚು ಮೀರಿ ಸುರಿಯುತ್ತಿದ್ದರೆ ದೋಣಿ ಚಿಕ್ಕದಾಗಿದೆ, ಅಥವಾ ಕೆಳಗಿಳಿಯುವ ಕೊಳವೆ ಸಾಲುತ್ತಿಲ್ಲ ಎಂದು ತಿಳಿಯಬೇಕು. ನಡುವಿನಲ್ಲಿ ಒಂದೇ ಕಡೆ ತುಂಬಿ ಚೆಲ್ಲುತ್ತಿದ್ದರೆ ಅಲ್ಲಿ ದೋಣಿಯನ್ನು ಹೊತ್ತ ಕೊಕ್ಕೆ ಬಾಗಿ ವಾಟ, ಅಂದರೆ ನೀರು ಹರಿಯುವ ಇಳಿಜಾರು, ತಪ್ಪಿದೆ. ದೋಣಿಯ ಹಿಂಬದಿಯಿಂದ ಗೋಡೆಗೆ ಇಳಿಯುತ್ತಿದ್ದರೆ ಹೆಂಚಿನ ತುದಿ ದೋಣಿಯೊಳಗೆ ಸಾಕಷ್ಟು ಚಾಚಿಲ್ಲ. ಕೂಡಿಕೆಗಳಲ್ಲಿ ಮಾತ್ರ ತೊಟ್ಟಿಕ್ಕುತ್ತಿದ್ದು ತಗಡು ಗಟ್ಟಿಯಾಗಿದ್ದರೆ ಹೊಸ ದೋಣಿಯ ಅಗತ್ಯವೇ ಇಲ್ಲ. ಕೂಡಿಕೆಯನ್ನು ಬಿಚ್ಚಿ ಒರೆಸಿ ಒಣಗಿಸಿ ಸೀಲೆಂಟ್ ಹಾಕಿಸಿದರೆ ಕೆಲಸ ಮುಗಿಯುತ್ತದೆ, ಆ ಹಣ ಉಳಿಯುತ್ತದೆ.

ಇನ್ನು ಅಳತೆಯ ವಿಷಯ. ಸೋಗೆ ಮತ್ತು ಹುಲ್ಲಿನ ಮಾಡು (ಛಾವಣಿ) ಮಳೆಯನ್ನು ಸ್ವಲ್ಪ ಹೀರಿಕೊಂಡು ನಿಧಾನವಾಗಿ ಇಳಿಸುತ್ತಿತ್ತು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಹಬ್ಬಿದ ಮಂಗಳೂರು ಹೆಂಚು ಬಿದ್ದ ನೀರನ್ನೆಲ್ಲ ಆ ಕ್ಷಣವೇ ಸೂರಿಗೆ ತಂದು ಬಿಡುತ್ತದೆ. ಹಾಗಾಗಿ ದೋಣಿಯ ಅಳತೆಯನ್ನು ವರ್ಷದ ಒಟ್ಟು ಮಳೆಯಿಂದ ನಿರ್ಧರಿಸಲಾಗುವುದಿಲ್ಲ, ಅತಿ ಜೋರಾಗಿ ಸುರಿಯುವ ಹತ್ತು ನಿಮಿಷದ ಮಳೆಯಿಂದಲೇ ನಿರ್ಧರಿಸಬೇಕು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ, ಬೆಂಗಳೂರಿನಲ್ಲಿ ಸುಮಾರು 1,000 ಮಿ.ಮೀ.; ಆದರೂ ಬೆಂಗಳೂರಿನ ಸಂಜೆಯ ಗುಡುಗುಮಳೆ ಆ ಹತ್ತು ನಿಮಿಷದ ಮಟ್ಟಿಗೆ ಮಲೆನಾಡಿನ ಮಳೆಗೆ ಸರಿಸಮನಾಗಿ ನಿಲ್ಲಬಲ್ಲದು. ಬಯಲುಸೀಮೆಯವರು ತಮ್ಮಲ್ಲಿ ಮಳೆ ಕಡಿಮೆಯೆಂದು ಕಿರಿದಾದ ದೋಣಿ ಹಾಕಿಸುವುದು ಇದೇ ಕಾರಣಕ್ಕೆ ಸರಿಯಲ್ಲ.

ಲೆಕ್ಕ ಸುಲಭವಾಗಿದೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಮಾಡಿನ ಒಂದು ಪಕ್ಕ 10 ಮೀಟರ್ ಉದ್ದವಿದೆ, ಅದರ ಕೆಳಗಿನ ನೆಲದ ಅಗಲ 5 ಮೀಟರ್ ಇದೆ ಎಂದುಕೊಳ್ಳಿ. ಆಗ 50 ಚದರ ಮೀಟರ್ ಆಯಿತು. ಗಾಳಿಮಳೆ ಓರೆಯಾಗಿ ಹೊಡೆಯುವುದರಿಂದ ಮಾಡಿನ ಎತ್ತರವನ್ನೂ ಸ್ವಲ್ಪ ಲೆಕ್ಕಕ್ಕೆ ಹಿಡಿಯಬೇಕು. ಮಾಡು ಸೂರಿನಿಂದ ನೆತ್ತಿಗೆ ಎರಡೂವರೆ ಮೀಟರ್ ಏರಿದ್ದರೆ ಅದನ್ನು ಉದ್ದದಿಂದ ಗುಣಿಸಿ ಅರ್ಧ ಮಾಡಿ ಕೂಡಿಸಬೇಕು, ಒಟ್ಟು 62.5 ಚದರ ಮೀಟರ್ ಆಗುತ್ತದೆ. ಗಂಟೆಗೆ 100 ಮಿ.ಮೀ. ವೇಗದ ಮಳೆಯಲ್ಲಿ ಈ ಒಂದೇ ಪಕ್ಕದಿಂದ ಸೆಕೆಂಡಿಗೆ ಸುಮಾರು 1.7 ಲೀಟರ್ ನೀರು ಬರುತ್ತದೆ. 20 ಲೀಟರಿನ ಬಕೆಟನ್ನು ಕೊಳವೆಯ ಬಾಯಿಗೆ ಹಿಡಿದರೆ ಹನ್ನೆರಡು ಸೆಕೆಂಡಿನಲ್ಲಿ ತುಂಬಿ ಚೆಲ್ಲುತ್ತದೆ.

ಅರ್ಧವೃತ್ತದ ದೋಣಿ ಒಂದು ತುದಿಯ ಕೊಳವೆಗೆ ಸಾಗಿಸಬಲ್ಲ ನೀರು ಅದರ ಅಗಲ 100 ಮಿ.ಮೀ. ಇದ್ದರೆ ಸೆಕೆಂಡಿಗೆ ಸುಮಾರು 0.8 ಲೀಟರ್, 125 ಇದ್ದರೆ 1.3 ಲೀಟರಿಗಿಂತ ತುಸು ಹೆಚ್ಚು, 150 ಇದ್ದರೆ 2 ಲೀಟರಿಗಿಂತ ತುಸು ಹೆಚ್ಚು. ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ನಾಲ್ಕು ಇಂಚಿನ ದೋಣಿ ನಮ್ಮ ಉದಾಹರಣೆಯ ಮಾಡಿಗೆ ಅರ್ಧಕ್ಕೂ ಸಾಲದು. ಇಲ್ಲಿ ಬಹಳ ಜನ ಗಮನಿಸದ ಒಂದು ಸಂಗತಿಯಿದೆ. ಕೊಳವೆಯನ್ನು ತುದಿಯಿಂದ ನಡುವಿಗೆ ತಂದರೆ, ಅಥವಾ ಎರಡೂ ತುದಿಗೆ ಒಂದೊಂದು ಕೊಳವೆ ಇಟ್ಟರೆ, ಅದೇ ದೋಣಿ ಎರಡರಷ್ಟು ಮಾಡಿನ ನೀರನ್ನು ಹೊರುತ್ತದೆ. ಏಕೆಂದರೆ ಆಗ ಪ್ರತಿ ಅರ್ಧವೂ ತನ್ನ ಪಾಲಿನ ನೀರನ್ನು ಮಾತ್ರ ಸಾಗಿಸಿದರೆ ಸಾಕಾಗುತ್ತದೆ. ದೊಡ್ಡ ದೋಣಿಗೆ ಹಣ ಹೊಂದದಿದ್ದರೆ ಇನ್ನೊಂದು ಕೊಳವೆ ಇಡಿಸುವುದು ಅಗ್ಗದ ಮತ್ತು ಒಳ್ಳೆಯ ದಾರಿ. ಮಲೆನಾಡಿನ ಮನೆಗೆ ನಾನು ಸೂಚಿಸುವುದು 150 ಮಿ.ಮೀ. ಅಗಲದ ದೋಣಿ, ಹತ್ತು ಮೀಟರಿಗೆ ಎರಡು ಕೊಳವೆ.

ಎರಡು ಮಾಡುಗಳು ಕೂಡುವ ಮೂಲೆಯ ಬಗ್ಗೆ ಪ್ರತ್ಯೇಕವಾಗಿ ಯೋಚಿಸಬೇಕು. ಒಳ ಅಂಗಳವಿರುವ ತೊಟ್ಟಿಯ ಮನೆಗಳಲ್ಲಿ ಎರಡೂ ಪಕ್ಕದ ನೀರು ಮೂಲೆಯ ತಗಡಿಗೆ ಸೇರಿ, ರಭಸದಿಂದ ಇಳಿದು, ದೋಣಿಯ ಹೊರ ಅಂಚನ್ನು ಹಾರಿ ಹೋಗುತ್ತದೆ. ನಮ್ಮ ಕಂಬವನ್ನು ಕೆಡಿಸಿದ್ದು ಇದೇ ನೀರು. ಆ ಮೂಲೆಯಲ್ಲಿ ದೋಣಿಯ ಹೊರ ಅಂಚಿಗೆ ಒಂದು ಗೇಣು ಎತ್ತರದ ತಗಡಿನ ತಡೆಯನ್ನು ಎರಡೂ ಕಡೆಗೆ ಒಂದೊಂದೂವರೆ ಅಡಿ ಬರುವಂತೆ ಮಡಿಸಿ ಕೂರಿಸಬೇಕು ಮತ್ತು ಕೊಳವೆಯನ್ನು ಆದಷ್ಟು ಮೂಲೆಯ ಹತ್ತಿರವೇ ಇಡಬೇಕು. ಮರುವರ್ಷ ನಾವು ಮಾಡಿದ್ದು ಇಷ್ಟೇ. ಆ ಮೇಲೆ ಕಂಬದ ಬುಡಕ್ಕೆ ಇರಚಲು ಬಿಟ್ಟರೆ ಬೇರೆ ನೀರು ಬಿದ್ದಿಲ್ಲ.

ಯಾವ ವಸ್ತುವಿನ ದೋಣಿ ಎಂಬ ಪ್ರಶ್ನೆ ಅಳತೆ ತೀರ್ಮಾನವಾದ ಮೇಲೆ ಬರಬೇಕು. ಬಲಿತ ಅಡಿಕೆ ಮರವನ್ನು ಸೀಳಿ ತಿರುಳು ಕೆತ್ತಿ ಮಾಡಿದ ದೋಣಿ ತೋಟವಿರುವವರಿಗೆ ಹೆಚ್ಚು ಖರ್ಚಿಲ್ಲದೆ ಆಗುವಂಥದ್ದು, ಕೊಟ್ಟಿಗೆಗೂ ಸೌದೆಮನೆಗೂ ಇಂದಿಗೂ ತಕ್ಕದ್ದು. ಕೆಲವೇ ಮಳೆಗಾಲ ಬಾಳುತ್ತದೆ ಎಂಬುದನ್ನು ಒಪ್ಪಿಕೊಂಡು ಹಾಕಿಸಬೇಕು. ಜಿಐ ತಗಡಿನಲ್ಲಿ, ಅಂದರೆ ಸತು ಲೇಪಿಸಿದ ಉಕ್ಕಿನ ತಗಡಿನಲ್ಲಿ, ದಪ್ಪವನ್ನು ಕೇಳಿ ತಿಳಿಯಬೇಕು. ಗೇಜಿನ ಸಂಖ್ಯೆ ಹೆಚ್ಚಿದಷ್ಟೂ ತಗಡು ತೆಳುವಾಗುತ್ತದೆ. 24 ಗೇಜು ಸುಮಾರು 0.6 ಮಿ.ಮೀ. ಇದ್ದು, 26 ಗೇಜು ಅದಕ್ಕಿಂತ ತೆಳು. ದಪ್ಪದಷ್ಟೇ ಮುಖ್ಯವಾದದ್ದು ಸತುವಿನ ಲೇಪ. ಅದನ್ನು ಚದರ ಮೀಟರಿಗೆ ಇಷ್ಟು ಗ್ರಾಂ ಎಂದು ಎರಡೂ ಮುಖ ಸೇರಿಸಿ ಹೇಳುತ್ತಾರೆ. 120 ಗ್ರಾಂ ಲೇಪದ ತಗಡಿಗೂ 275 ಗ್ರಾಂ ಲೇಪದ ತಗಡಿಗೂ ನೋಟದಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ, ಬಾಳಿಕೆಯಲ್ಲಿ ಚೆನ್ನಾಗಿ ತಿಳಿಯುತ್ತದೆ. ಬಣ್ಣದ ಲೇಪವಿರುವ ತಗಡು ಇನ್ನೂ ಉತ್ತಮ, ಆದರೆ ಅದನ್ನು ಗ್ರೈಂಡರಿನಿಂದ ಕತ್ತರಿಸಲು ಬಿಡಬಾರದು. ಕಿಡಿಯೊಡನೆ ಹಾರುವ ಕಬ್ಬಿಣದ ಪುಡಿ ಬಣ್ಣದ ಮೇಲೆ ಅಂಟಿ, ಮೊದಲ ಮಳೆಗೇ ಕೆಂಪು ಚುಕ್ಕೆಗಳಾಗಿ, ತುಕ್ಕಿಗೆ ಬೀಜವಾಗುತ್ತದೆ. ತಗಡು ಕತ್ತರಿಯಿಂದಲೇ ಕತ್ತರಿಸಬೇಕೆಂದು ಕೆಲಸದವರಿಗೆ ಮೊದಲೇ ಹೇಳಿ.

ಕಡಲಿಗೆ ಹತ್ತಿರದ ಮನೆಗಳಲ್ಲಿ ಉಪ್ಪುಗಾಳಿ ಜಿಐ ತಗಡನ್ನು ಬೇಗ ತಿನ್ನುತ್ತದೆ. ಅದರಲ್ಲೂ ಮಳೆನೀರು ತೊಳೆಯದ ಹೊರ ಅಡಿಭಾಗದಲ್ಲಿ ಉಪ್ಪು ಕೂತು, ಒಳಗಿನಿಂದ ನೋಡಿದರೆ ಗಟ್ಟಿಯಾಗಿ ಕಾಣುವ ದೋಣಿ ಕೆಳಗಿನಿಂದ ಸವೆದಿರುತ್ತದೆ. ಅಲ್ಲಿ ಅಲ್ಯೂಮಿನಿಯಂ ಅಥವಾ ಪಿವಿಸಿ ಸರಿಯಾದ ಆಯ್ಕೆ. ಅಲ್ಯೂಮಿನಿಯಂ ದೋಣಿಗೆ ಹಸಿ ಸಿಮೆಂಟ್ ಗಾರೆ ತಾಗದಂತೆ ನೋಡಿಕೊಳ್ಳಬೇಕು. ಸ್ಕ್ರೂಗಳು ಸ್ಟೇನ್‌ಲೆಸ್ ಸ್ಟೀಲಿನವಾಗಿರಬೇಕು.

ಪಿವಿಸಿಗೆ ತುಕ್ಕಿನ ಭಯವಿಲ್ಲ, ಬಿಸಿಲಿನದಿದೆ. ಹತ್ತು ಮೀಟರ್ ಉದ್ದದ ಪಿವಿಸಿ ದೋಣಿ 30 ಡಿಗ್ರಿ ಉಷ್ಣತೆಯ ಏರಿಳಿತಕ್ಕೆ ಸುಮಾರು 18 ಮಿ.ಮೀ. ಹಿಗ್ಗಿ ಕುಗ್ಗುತ್ತದೆ, ಅಷ್ಟೇ ಉದ್ದದ ಉಕ್ಕಿನ ತಗಡು 4 ಮಿ.ಮೀ. ಕೂಡ ಮುಟ್ಟುವುದಿಲ್ಲ. ಎಲ್ಲ ಕೂಡಿಕೆಗಳನ್ನೂ ಅಂಟು ಹಾಕಿ ಬಿಗಿದರೆ ಏಪ್ರಿಲ್ ಬಿಸಿಲಿಗೆ ದೋಣಿ ಬಿಲ್ಲಿನಂತೆ ಬಾಗುತ್ತದೆ. ಆದ್ದರಿಂದ ರಬ್ಬರ್ ಪಟ್ಟಿಯಿರುವ, ಜಾರಲು ಜಾಗ ಬಿಟ್ಟ ಕೂಡಿಕೆಗಳನ್ನೇ ಕೇಳಿ ಕೊಳ್ಳಬೇಕು. ತೆಂಗಿನ ಮರದ ಕೆಳಗಿರುವ ಮಾಡಿಗೂ ಮಂಗಗಳು ದಿನವೂ ಹಾಯುವ ಮನೆಗೂ ಪಿವಿಸಿ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಬಿಸಿಲಿಗೆ ಪೆಡಸಾದ ಪಿವಿಸಿಯ ಮೇಲೆ ಒಂದು ಗಂಡು ಮಂಗ ಹಾರಿ ಕೂತರೆ ಸಾಕು, ಕೊಕ್ಕೆಯ ಪಕ್ಕದಲ್ಲೇ ಸೀಳು ಬಿಡುತ್ತದೆ.

ನಮ್ಮ ಕಡೆ ದೊಡ್ಡ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ದೋಣಿ ಮಾಡುವುದೂ ರೂಢಿಯಲ್ಲಿದೆ. 160 ಮಿ.ಮೀ. ಪೈಪಿನಿಂದ ಎರಡು ಅಗಲವಾದ ದೋಣಿಗಳು ದೊರೆಯುವುದರಿಂದ ಇದು ಜಾಣ ಉಪಾಯವೇ. ಆದರೆ ಪೈಪು ಎ ಬಗೆಯದು, ಬಿ ಬಗೆಯದು ಎಂದು ಎರಡು ದಪ್ಪಗಳಲ್ಲಿ ಬರುತ್ತದೆ. ಸೀಳಿದ ಮೇಲೆ ಆಕಾರ ಉಳಿಯಬೇಕಾದರೆ ದಪ್ಪನೆಯ ಬಿ ಬಗೆಯೇ ಬೇಕು. ಎರಡೂ ಅಂಚುಗಳನ್ನು ಹಿಡಿದು ನಿಲ್ಲಿಸುವ ಅಡ್ಡಪಟ್ಟಿಗಳನ್ನು ಎರಡೆರಡು ಅಡಿಗೆ ಕೂರಿಸದಿದ್ದರೆ ಬಾಯಿ ಒಳಕ್ಕೆ ಮಡಿಸಿಕೊಳ್ಳುತ್ತದೆ.

ಕೊಕ್ಕೆಗಳಲ್ಲಿ ಉಳಿತಾಯ ಮಾಡಬಾರದು. ಅಂಚಿನವರೆಗೆ ತುಂಬಿದ 150 ಮಿ.ಮೀ. ದೋಣಿಯಲ್ಲಿ ಮೀಟರಿಗೆ ಸುಮಾರು 9 ಕಿಲೋ ನೀರು ನಿಂತಿರುತ್ತದೆ. ಹತ್ತು ಮೀಟರಿಗೆ ಅದು 90 ಕಿಲೋ, ಅದರ ಮೇಲೆ ನೆನೆದ ಎಲೆಗಳ ಭಾರ. ತಗಡಿನ ದೋಣಿಗೆ ಮೂರು ಅಡಿಗೊಂದು ಕೊಕ್ಕೆ ಸಾಕೆಂದು ಕೆಲಸದವರು ಹೇಳುತ್ತಾರೆ. ಮಲೆನಾಡಿನಲ್ಲಿ ಯಾವ ದೋಣಿಗಾದರೂ ಎರಡು ಅಡಿಗೊಂದು ಇರಲಿ. ಕೊಕ್ಕೆಯನ್ನು ಕೂರಿಸುವ ಮೊದಲು ಮಾಡನ್ನು ಹೊರುವ ಪಕಾಸಿಯ ತುದಿಗಳನ್ನೂ ಸೂರಿನ ಹಲಗೆಯನ್ನೂ ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ, ಮೆತ್ತಗಿರುವ ಮರವನ್ನು ಬದಲಿಸಿದ ಮೇಲೆಯೇ ಮುಂದುವರಿಯಬೇಕು. ಹೆಂಚಿನ ತುದಿ ದೋಣಿಯ ಅಗಲದ ಮೂರನೆಯ ಒಂದು ಭಾಗದವರೆಗೆ ಒಳಗೆ ಚಾಚಿರಲಿ. ಗೋಡೆಯ ಕಡೆಯ ಅಂಚು ಹೊರಗಿನ ಅಂಚಿಗಿಂತ ಒಂದು ಬೆರಳು ಎತ್ತರವಿದ್ದರೆ ದೋಣಿ ಉಕ್ಕಿದ ದಿನವೂ ನೀರು ಅಂಗಳಕ್ಕೆ ಬೀಳುತ್ತದೆ, ಮಣ್ಣಿನ ಗೋಡೆ ಉಳಿಯುತ್ತದೆ. ವಾಟ ಹತ್ತು ಅಡಿಗೆ ಅರ್ಧ ಇಂಚಿಗಿಂತ ಕಡಿಮೆ ಇರಬಾರದು.

150ರ ದೋಣಿಗೆ 110 ಮಿ.ಮೀ. ಕೊಳವೆ ಇರಲಿ. ಎಲೆ ತಡೆಯಲು ದೋಣಿಯ ಉದ್ದಕ್ಕೂ ಸಣ್ಣ ಕಣ್ಣಿನ ಜಾಲರಿ ಹಾಸುವುದನ್ನು ನಾನು ಒಪ್ಪುವುದಿಲ್ಲ. ಅದರ ಮೇಲೆ ಪಾಚಿ ಕಟ್ಟಿ, ಕಡಿದಾದ ಮಾಡಿನಿಂದ ಬರುವ ನೀರು ಜಾಲರಿಯ ಮೇಲೇ ಜಾರಿ ಹೊರಗೆ ಹೋಗುತ್ತದೆ. ಕೊಳವೆಯ ಬಾಯಿಗೆ ದೊಡ್ಡ ಕಣ್ಣಿನ ಗುಮ್ಮಟದಾಕಾರದ ಜಾಲರಿ ಇಟ್ಟು, ತಿಂಗಳಿಗೊಮ್ಮೆ ಏಣಿ ಹತ್ತಿ ಎಲೆ ತೆಗೆಯುವುದೇ ಸರಿ. ನೀರನ್ನು ಬಾವಿಗೆ ಬಿಡುವವರು ಮೊದಲ ಮಳೆಗಳ ಕೊಳೆನೀರು ಬೇರೆಡೆ ಹರಿದುಹೋಗಲು ಕೊಳವೆಯಲ್ಲಿ ಒಂದು ತಿರುವನ್ನೂ ಬಾವಿಗೆ ಮೊದಲು ಮರಳು ಜಲ್ಲಿಯ ಸೋಸುತೊಟ್ಟಿಯನ್ನೂ ಇಡಬೇಕು.

ರೋಹಿಣಿ ಮಳೆಗೆ ಮುಂಚೆ ಕೆಲಸ ಮುಗಿಸಿ, ಕೂಲಿಯ ಕೊನೆಯ ಕಂತು ಕೊಡುವ ಮೊದಲು ದೋಣಿಯ ಎತ್ತರದ ತುದಿಗೆ ನಾಲ್ಕು ಕೊಡ ನೀರು ಒಂದರ ಹಿಂದೊಂದು ಸುರಿದು ನೋಡಿ. ನೀರು ಹರಿದ ಮೇಲೆ ಎಲ್ಲಿ ನಿಂತಿದೆಯೋ ಅಲ್ಲಿಯ ಕೊಕ್ಕೆಯನ್ನು ಆಗಲೇ ಏರಿಸಿ ಸರಿಪಡಿಸಬೇಕು. ಉಳಿದ ತುಂಡು ದೋಣಿ, ಎರಡು ಕೊಕ್ಕೆ, ಒಂದು ಕೂಡಿಕೆಯನ್ನು ಕಟ್ಟಿ ಅಟ್ಟದ ಮೇಲಿಡಿ. ಐದಾರು ವರ್ಷದ ನಂತರ ಅದೇ ಅಚ್ಚಿನ ಸಾಮಾನು ಅಂಗಡಿಯಲ್ಲಿ ಸಿಗುವುದು ಕಷ್ಟ.