ಫೆಜ್‌ನಲ್ಲೊಂದು ತೊಟ್ಟಿ ಮನೆ

ಮೊರಾಕ್ಕೋದ ಮರಕೇಶ್‌ನಲ್ಲಿ ನಾನು ಮೊದಲು ಇಳಿದುಕೊಂಡ ರಿಯಾದ್‌ನ, ಅಂದರೆ ಅಂಗಳದ ಮನೆಯಲ್ಲಿ ನಡೆಸುವ ತಂಗುದಾಣದ, ಗೋಡೆ ಮುಟ್ಟಿದ ಕೂಡಲೇ ಟೋಪಿ ಬಿತ್ತು ಅಂತ ಗೊತ್ತಾಯಿತು. ಫೋಟೋದಲ್ಲಿ ಬಣ್ಣಬಣ್ಣದ ಜೆಲ್ಲೀಜ್, ಅಂದರೆ ಟೈಲ್ಸ್ ಚೂರು ಜೋಡಿಸಿದ ಚಿತ್ತಾರ, ಕಂಡಿದ್ದ ಗೋಡೆ ಅದು. ಹತ್ತಿರ ಹೋದರೆ ನಕ್ಷತ್ರದ ಚಿತ್ತಾರವನ್ನು ಸೀಳಿಕೊಂಡು ಗೇಣಿಗೊಂದು ನೇರ ಗೆರೆ. ನಾವು ಬಾತ್‌ರೂಮಿಗೆ ಹಾಕಿಸ್ತೀವಲ್ಲ, ಅಂಥ ಪ್ರಿಂಟ್ ಟೈಲ್ಸ್! ಅಂಗಳದ ಮುಕ್ಕಾಲು ಪಾಲನ್ನು ಈಜುಕೊಳ ನುಂಗಿತ್ತು. ಜನವರಿ ಚಳಿಯಲ್ಲಿ ಅದಕ್ಕೆ ಕಾಲಿಡುವವರೂ ಇರಲಿಲ್ಲ. ಮೂರು ರಾತ್ರಿಯ ದುಡ್ಡು ಮೊದಲೇ ಕಟ್ಟಿಯಾಗಿತ್ತು, ಸುಮ್ನಾದೆ.

ತಪ್ಪು ನನ್ನದೂ ಇತ್ತು. ಮಂಚ, ದಿಂಬು, ಟವೆಲ್ ಮೇಲೆ ಉದುರಿಸಿದ ಗುಲಾಬಿ ಪಕಳೆ, ಇಷ್ಟು ನೋಡಿ ಬುಕ್ ಮಾಡಿದ್ದೆ. ರಿಯಾದ್ ಅಂದರೇನು ಅಂತಲೇ ಗೊತ್ತಿರಲಿಲ್ಲ. ಅರಬ್ಬಿಯಲ್ಲಿ ಅದಕ್ಕೆ ತೋಟ ಅಂತ ಅರ್ಥ. ಮನೆ ನಡುವೆ ಅಂಗಳ, ಅದರಲ್ಲಿ ನಾಲ್ಕು ಪಾತಿ, ಕಿತ್ತಳೆಯೋ ನಿಂಬೆಯೋ ಗಿಡ, ಮಧ್ಯೆ ಕಾರಂಜಿ. ತೋಟವಿಲ್ಲದೆ ಬರೀ ನೆಲಗಟ್ಟಿನ ಚಿಕ್ಕ ಅಂಗಳವಿದ್ದರೆ ಅದು ದಾರ್, ಅಂದರೆ ಮನೆ. ಈಗ ವ್ಯಾಪಾರಕ್ಕೆ ಎರಡಕ್ಕೂ ರಿಯಾದ್ ಅಂತಲೇ ಬೋರ್ಡ್ ಹಾಕುತ್ತಾರೆ. ಹಾಗಾಗಿ ಹೆಸರಲ್ಲೇ ದಾರ್ ಅಂತಿದ್ದರೆ ನನಗೆ ಸ್ವಲ್ಪ ನಂಬಿಕೆ ಜಾಸ್ತಿ.

ಮುಂದೆ ಹೋಗಬೇಕಿದ್ದದ್ದು ಅದೇ ದೇಶದ ಇನ್ನೊಂದು ಊರಾದ ಫೆಜ್‌ಗೆ. ಆ ಮೂರು ರಾತ್ರಿ ಕೂತು ಅಲ್ಲಿನ ಮನೆಗಳನ್ನು ಜಾಲಾಡಿದೆ. ಈ ಸಲ ಕೋಣೆ ಫೋಟೋ ಬಿಟ್ಟು ಅಂಗಳದ್ದು ನೋಡಿದೆ. ಕೆಳಗಿನಿಂದ ಆಕಾಶ ಕಾಣುವ ಫೋಟೋ, ಮೇಲಿನಿಂದ ನೆಲ ಕಾಣುವ ಫೋಟೋ, ಎರಡೂ ಇಲ್ಲದಿದ್ದರೆ ಆ ಮನೆ ಪಟ್ಟಿಯಿಂದ ಔಟ್. ಈ ಮನೆಗಳು ಬೀದಿಗೆ ಬೋಳುಗೋಡೆ ತೋರಿಸಿ, ಕಿಟಕಿಗಳನ್ನೆಲ್ಲ ಒಳಗೆ ತೆರೆದುಕೊಂಡಿರುತ್ತವೆ. ನಮ್ಮ ತೊಟ್ಟಿ ಮನೆಯನ್ನೇ ಮೂರು ಅಂತಸ್ತು ಎತ್ತರಿಸಿದ ಹಾಗೆ.

ಆಮೇಲೆ ಫೋಟೋ ಹಿಗ್ಗಿಸಿ ಗೋಡೆ ನೋಡಿದೆ. ಅಸಲಿ ಜೆಲ್ಲೀಜ್‌ನಲ್ಲಿ ಒಂದೊಂದು ಚೂರನ್ನೂ ಸುತ್ತಿಗೆಯಿಂದ ಕೈಯಲ್ಲೇ ಕತ್ತರಿಸಿ ಕೂರಿಸುತ್ತಾರೆ. ಸಂದು ಇರುವುದು ಆ ಚೂರುಗಳ ಅಂಚಿನಲ್ಲಿ ಮಾತ್ರ. ಬೆಳಕು ಬಿದ್ದರೆ ಒಂದೇ ಸಮ ಮಿಂಚದೆ ಕೆರೆ ನೀರಿನ ಹಾಗೆ ಅಲ್ಲಲ್ಲಿ ಹೊಳೆಯುತ್ತದೆ. ಬಾತ್‌ರೂಮ್ ಗೋಡೆಗೆ ತಾದೆಲಾಕ್ತ್ ಇದೆಯಾ ಅಂತಲೂ ಹುಡುಕಿದೆ. ಅದು ಸುಣ್ಣದ ಗಾರೆ. ನುಣುಪು ಕಲ್ಲಿನಿಂದ ಉಜ್ಜಿ, ಆಲಿವ್ ಎಣ್ಣೆಯ ಕಪ್ಪು ಸಾಬೂನು ತಿಕ್ಕುತ್ತಾರೆ. ಸಾಬೂನು ಸುಣ್ಣದ ಜೊತೆ ಕೂಡಿ ನೀರು ಇಳಿಯದ ಪದರವಾಗುತ್ತದೆ. ಸಂದಿಲ್ಲ, ಮೂಲೆಗಳೂ ಗುಂಡಗೆ. ಹಳೇ ಮನೆಯ ಗಾರೆ ನೆಲದ ಮೇಲೆ ಮಲಗಿದವರಿಗೆ ಆ ತಂಪು ಕೈಗೆ ತಾಗಿದ ಕೂಡಲೇ ನೆನಪಾಗುತ್ತದೆ.

ಕೊನೆಗೆ ನಾಲ್ಕು ಮನೆ ಉಳಿದವು. ನಾಲ್ಕಕ್ಕೂ ವಾಟ್ಸಾಪ್‌ನಲ್ಲಿ ಅದೇ ಪ್ರಶ್ನೆ ಕಳಿಸಿದೆ: ಕೋಣೆ ಯಾವ ಮಹಡಿ, ಕಿಟಕಿ ಯಾವ ಕಡೆ, ಹೀಟರ್ ಇದೆಯಾ, ಬಾಗಿಲ ತನಕ ಯಾರಾದರೂ ಬರ್ತಾರಾ, ಮಾಂಸದ ಸಾರು ಹಾಕದ ತರಕಾರಿ ತಾಜಿನ್ (ಮಣ್ಣಿನ ಪಾತ್ರೆಯಲ್ಲಿ ಬೇಯಿಸುವ ಅಡುಗೆ) ಮಾಡ್ತಾರಾ. ಈ ಕೊನೇ ಪ್ರಶ್ನೆಯನ್ನು ಸಸ್ಯಾಹಾರಿಗಳು ಬಿಡಿಸಿಯೇ ಕೇಳಬೇಕು. ಮಾಂಸ ಬೇಡ ಅಂದರೆ ತುಂಡು ತೆಗೆದು ಸಾರು ಉಳಿಸುವುದುಂಟು. ಇಬ್ಬರು 'ಎಲ್ಲ ಇದೆ, ಸ್ವಾಗತ' ಅಂತ ಒಂದೇ ಸಾಲು ಬರೆದರು. ಒಬ್ಬರ ಉತ್ತರವೇ ಇಲ್ಲ. ನಾಲ್ಕನೆಯವರು ಮೆಟ್ಟಿಲಿನ ಫೋಟೋ ಕಳಿಸಿ, 'ಬಹಳ ಕಡಿದಾಗಿದೆ, ಮಂಡಿನೋವಿದ್ದರೆ ದಯವಿಟ್ಟು ಬೇರೆ ಮನೆ ನೋಡಿ' ಅಂದರು. ಅವರದ್ದೇ ಬುಕ್ ಮಾಡಿದೆ.

ಫೆಜ್‌ನ ಕೋಟೆಯೊಳಗಿನ ಹಳೇ ಊರು 1981ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಅದರ ಗಲ್ಲಿಗಳಿಗೆ ಕಾರು ನುಗ್ಗುವುದಿಲ್ಲ. ಬಾಬ್ ಬೂಜ್ಲೂದ್ ಅನ್ನೋ ನೀಲಿ ಬಾಗಿಲ ಹತ್ತಿರ ಟ್ಯಾಕ್ಸಿ ಇಳಿದರೆ ಮುಂದೆ ಕಾಲ್ನಡಿಗೆಯೇ. ಮನೆಯ ಹುಡುಗ ಕೈಗಾಡಿ ತಂದಿದ್ದ. ಹಿಂದಿನಿಂದ 'ಬಾಲಕ್, ಬಾಲಕ್' ಅಂತ ಕೂಗು. ದಾರಿ ಬಿಡಿ ಅಂತ ಅರ್ಥ. ತಿರುಗುವಷ್ಟರಲ್ಲಿ ಚರ್ಮ ಹೊತ್ತ ಹೇಸರಗತ್ತೆ ನನ್ನ ಭುಜ ಸವರಿಕೊಂಡೇ ಹೋಯಿತು. ನಾನೊಬ್ಬನೇ ಬಂದಿದ್ದರೆ 'ಆ ದಾರಿ ಮುಚ್ಚಿದೆ, ಬನ್ನಿ ತೋರಿಸ್ತೀನಿ' ಅನ್ನುವವರ ಕೈಗೆ ಸಿಕ್ಕಿಬೀಳ್ತಿದ್ದೆ, ಮರಕೇಶ್‌ನಲ್ಲಿ ಆದ ಹಾಗೆ.

ಮನೆ ಚೆನ್ನಾಗಿತ್ತು, ಕಷ್ಟವೂ ಇತ್ತು. ಅಂಗಳದಲ್ಲಿ ಯಾರೋ ಕೆಮ್ಮಿದರೆ ಮೂರನೇ ಮಹಡಿಗೆ ಕೇಳುತ್ತದೆ. ಹಗಲಲ್ಲೂ ದೀಪ ಬೇಕು. ನಸುಕಿಗೆ ಅಜಾನ್ ಎಬ್ಬಿಸುತ್ತದೆ. ಪ್ರವಾಸಿ ತೆರಿಗೆ ಬುಕಿಂಗ್ ಬೆಲೆಯಲ್ಲಿ ಸೇರಿರಲಿಲ್ಲ, ಅಲ್ಲಿನ ದುಡ್ಡಾದ ದಿರ್‌ಹಮ್ ನೋಟಲ್ಲೇ ಕೊಡಬೇಕಾಯಿತು. ಇದನ್ನೂ ಮೊದಲೇ ಕೇಳಿಟ್ಟುಕೊಳ್ಳಿ. ಬೆಳಗ್ಗೆ ಬಗ್ರೀರ್ ಬಂತು. ರವೆ ಹಿಟ್ಟು, ಒಂದೇ ಬದಿ ಬೇಯಿಸಿದ್ದು, ಮೇಲೆಲ್ಲ ತೂತು. ಸೆಟ್ ದೋಸೆಯ ತಂಗಿ ಅಲ್ವಾ ಅಂದುಕೊಂಡು ನಾಲ್ಕು ತಿಂದೆ. ಚಟ್ನಿ ಬದಲು ಬೆಣ್ಣೆ, ಜೇನು.

ಎರಡನೇ ದಿನ ಮಳೆ. ಅಡುಗೆಯಮ್ಮ ಓಡಿ ಬಂದು ಹಗ್ಗ ಎಳೆದಳು, ಅಂಗಳದ ಮೇಲೆ ಟಾರ್ಪಾಲು ಸರಿಯಿತು, ಅರ್ಧಕ್ಕೇ ಸಿಕ್ಕಿಕೊಂಡಿತು. ಕಾರಂಜಿ ಪಕ್ಕ ಬಕೆಟ್ ಇಟ್ಟು ನಗುತ್ತಾ ಒಳಗೆ ಹೋದಳು. ಅಜ್ಜಿ ಮನೆಯಲ್ಲಿ ಹಂಡೆ ಇಡ್ತಿದ್ದರು, ಅಷ್ಟೇ ವ್ಯತ್ಯಾಸ. ಕಂಬಿ ಮೇಲೆ ಹರವಿದ್ದ ನನ್ನ ಸಾಕ್ಸ್ ಮಾತ್ರ ಫೆಜ್ ಬಿಡುವ ತನಕ ಒಣಗಲಿಲ್ಲ.